ಹಳೆಯ ಕಂಪ್ಯೂಟರಿಗೆ ಎರಡನೆಯ ಮಾನಿಟರ್: ಹೊಸದನ್ನು ಕೊಳ್ಳುವ ಮುನ್ನ ಪೆಟ್ಟಿಗೆಯ ಹಿಂಬದಿ ನೋಡಿ

ಮಾನ್ಯ ಸಂಪಾದಕರೆ,

ವಿಂಡೋಸ್ 10ಕ್ಕೆ ನೀಡುತ್ತಿದ್ದ ಬೆಂಬಲವನ್ನು ಮೈಕ್ರೋಸಾಫ್ಟ್ ಸಂಸ್ಥೆಯು 2025ರ ಅಕ್ಟೋಬರ್ 14ರಂದು ಮುಗಿಸಿದ ಬಳಿಕ, ಮುಂಬಯಿಯ ಉಪನಗರಗಳ ನಮ್ಮವರ ಮನೆಗಳಲ್ಲಿ ಹಳೆಯ ಕಂಪ್ಯೂಟರನ್ನು ಏನು ಮಾಡುವುದೆಂಬ ಪ್ರಶ್ನೆ ಎದ್ದಿದೆ. ಹೆಚ್ಚಿನವರು ಅದನ್ನು ಮಾನಿಟರ್ ಸಹಿತ ಗುಜರಿ ಕೊಳ್ಳುವ ಭಂಗಾರ್‌ವಾಲಾನ ಕೈಗಾಡಿಗೆ ಹಾಕಿ, ಸಾಲ ಮಾಡಿಯಾದರೂ ಹೊಸದೊಂದನ್ನು ತರುತ್ತಿದ್ದಾರೆ. ಫೋರ್ಟ್ ಪರಿಸರದ ಕಚೇರಿಗಳಲ್ಲಿ ಕಂಪ್ಯೂಟರ್ ದುರಸ್ತಿಯ ಕೆಲಸ ಮಾಡಿ ನಿವೃತ್ತನಾದ ನಾನು, ಈ ಅವಸರದ ನಡುವೆ ಒಂದು ಮಾತನ್ನು ತಮ್ಮ ಪತ್ರಿಕೆಯ ಮೂಲಕ ಓದುಗರಿಗೆ ತಿಳಿಸಬಯಸುತ್ತೇನೆ. ಕಳೆದ ಹತ್ತು ಹದಿನೈದು ವರ್ಷಗಳಲ್ಲಿ ಮನೆಗೆ ಬಂದ ಡೆಸ್ಕ್‌ಟಾಪ್ ಕಂಪ್ಯೂಟರುಗಳಲ್ಲಿ ಬಹುಪಾಲಿಗೆ ಎರಡು ಮಾನಿಟರುಗಳನ್ನು ಒಟ್ಟಿಗೆ ನಡೆಸುವ ಶಕ್ತಿ ಮೊದಲಿನಿಂದಲೂ ಇದೆ. ಮನೆಯಲ್ಲಿ ಕುಳಿತು ಲೆಕ್ಕಪತ್ರ ಬರೆಯುವವರಿಗೆ, ಕರಡು ತಿದ್ದುವವರಿಗೆ, ಅನುವಾದ ಮಾಡುವವರಿಗೆ ಹೊಸ ಯಂತ್ರದಿಂದ ಸಿಗುವುದಕ್ಕಿಂತ ಹೆಚ್ಚಿನ ಉಪಕಾರ ಎರಡನೆಯ ಪರದೆಯೊಂದರಿಂದಲೇ ಸಿಗುತ್ತದೆ. ಇದನ್ನು ಹೇಳಬೇಕಾದವರು ಹೇಳುತ್ತಿಲ್ಲ.

ಎರಡು ಮಾನಿಟರ್ ಎಂದರೆ ಷೇರು ಪೇಟೆಯ ದಲ್ಲಾಳಿಗಳಿಗೂ ಆಟವಾಡುವ ಹುಡುಗರಿಗೂ ಮಾತ್ರ ಬೇಕಾದ ಆಡಂಬರವೆಂಬ ಭಾವನೆ ನಮ್ಮಲ್ಲಿದೆ. ಅದು ಸರಿಯಲ್ಲ. ಡೊಂಬಿವಲಿ, ಮುಲುಂಡ್, ಥಾಣೆಗಳಲ್ಲಿ ನಮ್ಮವರ ಸಣ್ಣಪುಟ್ಟ ಹೋಟೆಲುಗಳ ಲೆಕ್ಕವನ್ನು ಮನೆಯಿಂದಲೇ ನೋಡಿಕೊಳ್ಳುವ ಗೃಹಿಣಿಯರೂ ನಿವೃತ್ತರೂ ಅನೇಕರಿದ್ದಾರೆ. ಪ್ರತಿ ತಿಂಗಳು ಅವರು ಜಿಎಸ್‌ಟಿ ಜಾಲತಾಣದಲ್ಲಿ ಮಾರಾಟಗಾರರು ತೋರಿಸಿದ ಬಿಲ್ಲುಗಳ 2ಬಿ ಪಟ್ಟಿಯನ್ನು ತೆರೆದು, ಅದರಲ್ಲಿರುವ ಒಂದೊಂದು ಬಿಲ್ಲನ್ನೂ ಟ್ಯಾಲಿ ಎಂಬ ಲೆಕ್ಕದ ತಂತ್ರಾಂಶದ ಖರೀದಿ ಪುಸ್ತಕದೊಂದಿಗೆ ತಾಳೆ ನೋಡಬೇಕಾಗುತ್ತದೆ. ಒಂದೇ ಪರದೆಯಿದ್ದಾಗ ಒಂದು ಕಿಟಕಿಯಲ್ಲಿ ಬಿಲ್ಲಿನ ಸಂಖ್ಯೆ ನೋಡಿ, ಅದನ್ನು ಮನಸ್ಸಿನಲ್ಲಿಟ್ಟುಕೊಂಡು ಇನ್ನೊಂದು ಕಿಟಕಿಗೆ ಹೋಗಿ ಹುಡುಕುವಷ್ಟರಲ್ಲಿ ಅಂಕಿಯೊಂದು ಹಿಂದುಮುಂದಾಗಿರುತ್ತದೆ. ಅದಕ್ಕೆ ಹೆದರಿ ಎಷ್ಟೋ ಮಂದಿ ಪಟ್ಟಿಯನ್ನೆಲ್ಲ ಕಾಗದದ ಮೇಲೆ ಮುದ್ರಿಸಿಕೊಳ್ಳುತ್ತಾರೆ. ಸಂಘಗಳ ಸ್ಮರಣ ಸಂಚಿಕೆಗಳ ಕರಡು ತಿದ್ದುವವರ ಪಾಡೂ ಇದೇ. ಲೇಖಕರ ಕೈಬರಹದ ಸ್ಕ್ಯಾನ್ ಒಂದು ಕಡೆ, ಬೆರಳಚ್ಚಾದ ಪುಟ ಇನ್ನೊಂದು ಕಡೆ ಎದುರೆದುರು ಕಾಣುವಂತಿದ್ದರೆ ಕಣ್ಣು ಅತ್ತಿತ್ತ ಹೊರಳಿದರೆ ಸಾಕು, ಮೌಸನ್ನು ಮುಟ್ಟುವ ಅಗತ್ಯವೂ ಇರುವುದಿಲ್ಲ.

ನಮ್ಮ ಕಟ್ಟಡದಲ್ಲಿರುವ, ಮೇಲೆ ಹೇಳಿದಂತಹ ಲೆಕ್ಕದ ಕೆಲಸ ಮಾಡುವ ಸೋದರಿಯೊಬ್ಬರು ತಮ್ಮ ಮೂರನೆಯ ಪೀಳಿಗೆಯ ಇಂಟೆಲ್ ಐ3 ಪ್ರೊಸೆಸರಿನ ಕಂಪ್ಯೂಟರಿಗೆ ಇನ್ನೊಂದು ಮಾನಿಟರ್ ಸೇರಿಸಬಹುದೇ ಎಂದು ಅಂಗಡಿಯೊಂದರಲ್ಲಿ ವಿಚಾರಿಸಿದರು. ಯಂತ್ರವನ್ನು ತೆರೆದೂ ನೋಡದೆ, ಇಷ್ಟು ಹಳೆಯ ಕಂಪ್ಯೂಟರಿಗೆ ಎರಡು ಮಾನಿಟರಿನ ಭಾರ ತಡೆಯದು, ರ‍್ಯಾಮ್ (ಕೆಲಸದ ವೇಳೆಯ ಸ್ಮೃತಿ) ಇಮ್ಮಡಿ ಬೇಕು, ಅದಕ್ಕಿಂತ ಹೊಸದನ್ನೇ ಕೊಳ್ಳುವುದು ಲಾಭವೆಂದು ಅವರಿಗೆ ಉತ್ತರ ಸಿಕ್ಕಿತು. ನಾನು ಅವರ ಮನೆಗೆ ಹೋಗಿ ಕಂಪ್ಯೂಟರಿನ ಪೆಟ್ಟಿಗೆಯನ್ನು ಮೇಜಿನ ಅಡಿಯಿಂದ ಹೊರಗೆಳೆದು ಹಿಂಬದಿಯ ಧೂಳು ಒರೆಸಿದಾಗ, ಬಳಕೆಯಲ್ಲಿದ್ದ ನೀಲಿ ವಿಜಿಎ ಪೋರ್ಟಿನ (ಕೇಬಲ್ ಸಿಕ್ಕಿಸುವ ಕಿಂಡಿಯ) ಪಕ್ಕದಲ್ಲಿಯೇ ಎಚ್‌ಡಿಎಂಐ ಪೋರ್ಟ್ ಕಾಣಿಸಿತು. ಕೊಂಡ ದಿನ ಅದಕ್ಕೆ ಹಾಕಿದ್ದ ಕಪ್ಪು ಪ್ಲಾಸ್ಟಿಕ್ ಮುಚ್ಚಳವನ್ನು ಈವರೆಗೂ ಯಾರೂ ತೆಗೆದಿರಲಿಲ್ಲ. ಅವರ ಮಗ ಓದು ಮುಗಿಸಿ ಬಿಟ್ಟಿದ್ದ ಇನ್ನೊಂದು ಮಾನಿಟರ್ ಕಪಾಟಿನ ಮೇಲೆಯೇ ಇತ್ತು. ಕೇಬಲ್ ಸಿಕ್ಕಿಸಿ ಪರದೆ ಬೆಳಗಿದಾಗ, “ಅಣ್ಣ, ಇಷ್ಟೇ ಅಂತ ಅಂಗಡಿಯವರು ಯಾಕೆ ಹೇಳಲಿಲ್ಲ?” ಎಂದು ಅವರು ಕೇಳಿದ ಪ್ರಶ್ನೆಯೇ ಈ ಪತ್ರಕ್ಕೆ ಕಾರಣ.

ಭಾರ ತಡೆಯದು ಎಂಬ ಮಾತನ್ನು ಮೊದಲು ಲೆಕ್ಕ ಹಾಕಿ ನೋಡೋಣ. 1920×1080 ಅಳತೆಯ ಪರದೆಯೊಂದರಲ್ಲಿ 20,73,600 ಚುಕ್ಕೆಗಳಿರುತ್ತವೆ. ಒಂದೊಂದು ಚುಕ್ಕೆಯ ಬಣ್ಣಕ್ಕೆ 4 ಬೈಟ್ ಹಿಡಿದರೂ ಇಡೀ ಪರದೆಯ ಚಿತ್ರಕ್ಕೆ ಬೇಕಾಗುವ ಸ್ಮೃತಿ ಸುಮಾರು 8 ಎಂಬಿ ಮಾತ್ರ. ಕಾರ್ಯಾಚರಣ ವ್ಯವಸ್ಥೆಯು ಒಳಗೆ ಇದರ ಕೆಲವು ಪ್ರತಿಗಳನ್ನು ಇಟ್ಟುಕೊಳ್ಳುತ್ತದೆಂದು ಒಪ್ಪಿದರೂ, 4 ಜಿಬಿ ರ‍್ಯಾಮ್ ಇರುವ ಯಂತ್ರಕ್ಕೆ ಅದೊಂದು ಹೊರೆಯೇ ಅಲ್ಲ. ಯಂತ್ರವನ್ನು ನಿಧಾನಗೊಳಿಸುವುದು ಪರದೆಗಳ ಸಂಖ್ಯೆಯಲ್ಲ, ಆ ಪರದೆಗಳಲ್ಲಿ ನಾವು ತೆರೆದಿಡುವ ಬ್ರೌಸರಿನ ಹತ್ತಾರು ಪುಟಗಳು ಮತ್ತು ತಿರುಗುವ ಹಳೆಯ ಹಾರ್ಡ್ ಡಿಸ್ಕ್. ಈಗಾಗಲೇ ತೆವಳುತ್ತಿರುವ ಕಂಪ್ಯೂಟರಿಗೆ ಹಣ ಹಾಕುವುದಾದರೆ, ಹಾರ್ಡ್ ಡಿಸ್ಕ್ ತೆಗೆದು, ತಿರುಗುವ ಭಾಗಗಳಿಲ್ಲದ ಸಂಗ್ರಹವಾದ ಸಾಟಾ ಎಸ್‌ಎಸ್‌ಡಿ ಹಾಕಿಸುವುದಕ್ಕೆ ಹಾಕಬೇಕು. ಅದರಿಂದಾಗುವ ವ್ಯತ್ಯಾಸವು ಬೇರಾವುದರಿಂದಲೂ ಆಗದು.

ಇನ್ನು ಶಕ್ತಿಯ ಮಾತು. ಇಂಟೆಲ್ ಸಂಸ್ಥೆಯ ಕೋರ್ ಪ್ರೊಸೆಸರುಗಳಲ್ಲಿ 2011ರಲ್ಲಿ ಬಂದ ಎರಡನೆಯ ಪೀಳಿಗೆಯ ಒಳಗಿನ ಗ್ರಾಫಿಕ್ಸ್ ಭಾಗವೇ 2 ಪರದೆಗಳನ್ನು ಬೇರೆ ಬೇರೆಯಾಗಿ ನಡೆಸಬಲ್ಲದು, 2012ರಲ್ಲಿ ಬಂದ ಮೂರನೆಯ ಪೀಳಿಗೆಯದು 3ರವರೆಗೂ ಹೋಗಬಲ್ಲದು. ಇದಕ್ಕೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಬೇಕಿಲ್ಲ. ವಿಂಡೋಸ್‌ನಲ್ಲಂತೂ ಒಂದಕ್ಕಿಂತ ಹೆಚ್ಚು ಮಾನಿಟರುಗಳ ಸೌಲಭ್ಯ ವಿಂಡೋಸ್ 98ರಿಂದಲೇ ಇದೆ. ಆದುದರಿಂದ ತಿಳಿಯಬೇಕಾದುದು ಇಷ್ಟೇ: ಯಂತ್ರದ ಮುಖ್ಯ ಫಲಕವಾದ ಮದರ್‌ಬೋರ್ಡ್ ತಯಾರಿಸಿದವರು ಹಿಂಬದಿಯಲ್ಲಿ ಎಷ್ಟು ಬಗೆಯ ಪೋರ್ಟುಗಳನ್ನು ಹೊರಗೆ ಕೊಟ್ಟಿದ್ದಾರೆ, ಮತ್ತು ನಿಮ್ಮಲ್ಲಿರುವ ಮಾನಿಟರಿನಲ್ಲಿ ಯಾವ ಪೋರ್ಟ್ ಇದೆ.

ಹಿಂಬದಿಯಲ್ಲಿ ಸಾಮಾನ್ಯವಾಗಿ ನಾಲ್ಕು ಬಗೆಯ ಪೋರ್ಟುಗಳಲ್ಲಿ ಒಂದೆರಡು ಇದ್ದೇ ಇರುತ್ತವೆ. 15 ಪಿನ್ನುಗಳ, ಎರಡು ಬದಿಗೂ ತಿರುಪುಗಳಿರುವ ನೀಲಿ ಬಣ್ಣದ್ದು ವಿಜಿಎ. ಐಬಿಎಂ ಅದನ್ನು ತಂದದ್ದು 1987ರಲ್ಲಿ. 2010ರ ಡಿಸೆಂಬರಿನಲ್ಲಿ ಇಂಟೆಲ್, ಎಎಂಡಿ ಮತ್ತಿತರ ಕಂಪನಿಗಳು 2015ರ ಹೊತ್ತಿಗೆ ಅದನ್ನು ಕೈಬಿಡುವುದಾಗಿ ಸಾರಿದ್ದರೂ ನಮ್ಮ ಮನೆಗಳಲ್ಲಿ ಅದರ ಆಳ್ವಿಕೆ ಮುಗಿದಿಲ್ಲ. ಬಿಳಿಯ ಅಗಲವಾದ, ಸಾಲುಸಾಲು ತೂತುಗಳಿರುವುದು 1999ರ ಡಿವಿಐ. ಚಪ್ಪಟೆಯಾದ, ಟಿವಿಯ ಹಿಂದೆಯೂ ಕಾಣುವುದು ಎಚ್‌ಡಿಎಂಐ. ಅದನ್ನೇ ಹೋಲುತ್ತಾ ಒಂದು ಮೂಲೆ ಮಾತ್ರ ಕತ್ತರಿಸಿದಂತಿರುವುದು ಡಿಸ್‌ಪ್ಲೇ ಪೋರ್ಟ್. ಇವುಗಳಲ್ಲಿ ವಿಜಿಎ ಹಳೆಯ ಅನಲಾಗ್ (ಏರಿಳಿಯುವ ಅಲೆಯ ರೂಪದ) ಸಂಕೇತವನ್ನಷ್ಟೇ ಸಾಗಿಸುತ್ತದೆ, ಎಚ್‌ಡಿಎಂಐ ಮತ್ತು ಡಿಸ್‌ಪ್ಲೇ ಪೋರ್ಟುಗಳು ಡಿಜಿಟಲ್ (ಅಂಕಿಗಳ ರೂಪದ) ಸಂಕೇತವನ್ನು ಸಾಗಿಸುತ್ತವೆ. ಡಿವಿಐ ಎರಡರ ನಡುವಿನದು. ಒಂದು ಬಗೆಯ ಪೋರ್ಟನ್ನು ಇನ್ನೊಂದಕ್ಕೆ ಹೊಂದಿಸುವ ಕನ್ವರ್ಟರುಗಳ ವಿಷಯದಲ್ಲಿ ಜನ ಹಣ ಕಳೆದುಕೊಳ್ಳುವುದೆಲ್ಲ ಈ ಅನಲಾಗ್-ಡಿಜಿಟಲ್ ಭೇದ ತಿಳಿಯದಿರುವುದರಿಂದ.

ಡಿವಿಐಯನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಅಗತ್ಯ. ಅದರ ಒಂದು ತುದಿಯಲ್ಲಿ ಅಡ್ಡಲಾಗಿ ಒಂದು ಉದ್ದನೆಯ ಸೀಳಿರುತ್ತದೆ. ಆ ಸೀಳಿನ ಮೇಲೆ ಎರಡು, ಕೆಳಗೆ ಎರಡು ಹೀಗೆ ನಾಲ್ಕು ಸಣ್ಣ ತೂತುಗಳಿದ್ದರೆ ಅದು ಡಿವಿಐ-ಐ, ಅಂದರೆ ಅದರಲ್ಲಿ ಅನಲಾಗ್ ಸಂಕೇತವೂ ಬರಬಲ್ಲದು. ಅಂತಹುದಕ್ಕೆ ಬೆರಳುದ್ದದ ಅಗ್ಗದ ಅಡಾಪ್ಟರ್ ಹಾಕಿ ವಿಜಿಎ ಮಾನಿಟರನ್ನು ಜೋಡಿಸಬಹುದು. ಸೀಳು ಮಾತ್ರ ಇದ್ದು ಸುತ್ತಲಿನ ನಾಲ್ಕು ತೂತುಗಳಿಲ್ಲದಿದ್ದರೆ ಅದು ಡಿವಿಐ-ಡಿ, ಕೇವಲ ಡಿಜಿಟಲ್. ಅದಕ್ಕೆ ಆ ಅಗ್ಗದ ಅಡಾಪ್ಟರಿನ ಪಿನ್ನುಗಳು ಹೊಂದುವುದೇ ಇಲ್ಲ. ಪಿನ್ನುಗಳನ್ನು ಮುರಿದಾದರೂ ತೂರಿಸುವವರನ್ನು ಕಂಡಿದ್ದೇನೆ. ಹಾಗೆ ಮಾಡಿದರೂ ಪರದೆ ಬೆಳಗುವುದಿಲ್ಲ, ಏಕೆಂದರೆ ಆ ಪೋರ್ಟಿನಲ್ಲಿ ಅನಲಾಗ್ ಸಂಕೇತವೇ ಇರುವುದಿಲ್ಲ. ಆದರೆ ಡಿವಿಐ-ಡಿಯಿಂದ ಎಚ್‌ಡಿಎಂಐ ಮಾನಿಟರಿಗೆ ಹೋಗಲು ಸಾದಾ ಕೇಬಲ್ ಸಾಕು, ಎರಡರಲ್ಲಿಯೂ ಚಿತ್ರದ ಸಂಕೇತ ಒಂದೇ ಬಗೆಯದು.

ಎಚ್‌ಡಿಎಂಐ ಪೋರ್ಟಿನಿಂದ ವಿಜಿಎ ಮಾನಿಟರಿಗೆ ಹೋಗಬೇಕಾದರೆ ಒಳಗೆ ಚಿಪ್ ಇರುವ ಕನ್ವರ್ಟರೇ ಬೇಕು. ಎರಡೂ ತುದಿಗೆ ಪ್ಲಗ್ ಕಟ್ಟಿದ ಬರಿಯ ತಂತಿಯನ್ನು ಎಚ್‌ಡಿಎಂಐ-ವಿಜಿಎ ಕೇಬಲ್ ಎಂದು ಮಾರುವವರಿದ್ದಾರೆ, ಅದರಿಂದ ಏನೂ ಕಾಣಿಸದು. ಚಿಪ್ ಇರುವ ಕನ್ವರ್ಟರುಗಳು ಕೂಡ ಎಚ್‌ಡಿಎಂಐ ಪೋರ್ಟಿನಿಂದಲೇ ವಿದ್ಯುತ್ ಪಡೆಯುತ್ತವೆ. ಹಳೆಯ ಮದರ್‌ಬೋರ್ಡುಗಳಲ್ಲಿ ಅದು ಸಾಲದೆ ಚಿತ್ರ ಬಂದು ಬಂದು ಮಾಯವಾಗುವುದುಂಟು. ಪಕ್ಕದಲ್ಲಿ ಯುಎಸ್‌ಬಿಯಿಂದ ವಿದ್ಯುತ್ ಕೊಡಲು ಸಣ್ಣ ತೂತಿರುವ ಕನ್ವರ್ಟರನ್ನು ಆರಿಸಿಕೊಂಡರೆ ಈ ತೊಂದರೆ ತಪ್ಪುತ್ತದೆ. ಇನ್ನೊಂದು ಎಚ್ಚರಿಕೆ: ಇಂಥ ಕನ್ವರ್ಟರುಗಳೂ ಕೇಬಲುಗಳೂ ಸಾಮಾನ್ಯವಾಗಿ ಒಂದೇ ದಿಕ್ಕಿನಲ್ಲಿ ಕೆಲಸ ಮಾಡುತ್ತವೆ. ಅಂಗಡಿಯಲ್ಲಿ ಕೇಳುವಾಗ ಕಂಪ್ಯೂಟರಿನ ಕಡೆಯ ಹೆಸರನ್ನು ಮೊದಲು ಹೇಳಬೇಕು. ಡಿಸ್‌ಪ್ಲೇ ಪೋರ್ಟಿನಿಂದ ಎಚ್‌ಡಿಎಂಐಗೆ ಹೋಗುವ ಕೇಬಲನ್ನು ತಿರುಗಿಸಿ, ಎಚ್‌ಡಿಎಂಐ ಇರುವ ಕಂಪ್ಯೂಟರಿನಿಂದ ಡಿಸ್‌ಪ್ಲೇ ಪೋರ್ಟ್ ಇರುವ ಮಾನಿಟರಿಗೆ ಹಾಕಿದರೆ ಅದು ನಡೆಯದು.

ವಿಜಿಎ ಪೋರ್ಟೊಂದನ್ನೇ ಕವಲೊಡೆಸಿ ಎರಡು ಮಾಡುವ ವೈ ಆಕಾರದ ಕೇಬಲಿನ ಬಗ್ಗೆಯೂ ಹೇಳಿಬಿಡುತ್ತೇನೆ. ಅದು ಎರಡು ಮಾನಿಟರುಗಳಲ್ಲಿಯೂ ಒಂದೇ ಚಿತ್ರವನ್ನು ತೋರಿಸುತ್ತದೆ. ತರಗತಿಯಲ್ಲಿ ಪ್ರೊಜೆಕ್ಟರಿಗೆ ಅದು ಸರಿ, ನಾವು ಮಾತಾಡುತ್ತಿರುವ ಕೆಲಸಕ್ಕೆ ಸಂಪೂರ್ಣ ನಿರುಪಯುಕ್ತ.

ಗ್ರಾಂಟ್ ರೋಡ್ ನಿಲ್ದಾಣದ ಬಳಿಯ ಲ್ಯಾಮಿಂಗ್ಟನ್ ರೋಡಿನಲ್ಲಿ ಕಚೇರಿಗಳಿಂದ ಹೊರಬಂದ ಡೆಲ್, ಎಚ್‌ಪಿ ಕಂಪ್ಯೂಟರುಗಳು ಮರುಮಾರಾಟಕ್ಕೆ ಸಿಗುತ್ತವೆ. ನಮ್ಮವರಲ್ಲಿ ಅನೇಕರು ಮಕ್ಕಳ ಓದಿಗೆಂದು ಅಲ್ಲಿಂದಲೇ ತಂದಿದ್ದಾರೆ. ಗಟ್ಟಿಮುಟ್ಟಾದ ಈ ಯಂತ್ರಗಳಲ್ಲಿ ಸಾಮಾನ್ಯವಾಗಿ ಒಂದು ವಿಜಿಎ ಮತ್ತು ಒಂದೆರಡು ಡಿಸ್‌ಪ್ಲೇ ಪೋರ್ಟುಗಳಿರುತ್ತವೆ. ಮನೆಯ ಮಾನಿಟರಿನಲ್ಲಿ ಡಿಸ್‌ಪ್ಲೇ ಪೋರ್ಟ್ ಇಲ್ಲದಿರುವುದರಿಂದ ಅದನ್ನು ಯಾರೂ ಮುಟ್ಟುವುದಿಲ್ಲ. ಆ ಪೋರ್ಟಿನ ಪಕ್ಕದಲ್ಲಿ ಡಿ ಮತ್ತು ಪಿ ಅಕ್ಷರಗಳನ್ನು ಕೂಡಿಸಿದ ಗುರುತಿನೊಂದಿಗೆ ಎರಡು ಪ್ಲಸ್ ಚಿಹ್ನೆಗಳಿದ್ದರೆ, ಸಾದಾ ಡಿಸ್‌ಪ್ಲೇ ಪೋರ್ಟ್-ಎಚ್‌ಡಿಎಂಐ ಕೇಬಲಿನಿಂದಲೇ ಕೆಲಸವಾಗುತ್ತದೆ. ಎರಡನೆಯ ಮಾನಿಟರಿಗೆ ಹೇಳಿ ಮಾಡಿಸಿದಂತಿರುವ ಈ ಯಂತ್ರಗಳು ಒಂದೇ ಪರದೆಯಲ್ಲಿ ದುಡಿಯುತ್ತಿರುವುದನ್ನು ಕಂಡಾಗ ನನಗೆ ನಿಜವಾಗಿಯೂ ಬೇಸರವಾಗುತ್ತದೆ.

ಹಿಂಬದಿಯಲ್ಲಿ ಒಂದೇ ಒಂದು ವಿಜಿಎ ಇರುವ ಯಂತ್ರಗಳೂ ಇವೆ, ಅದರಲ್ಲೂ ಇಂಟೆಲ್‌ನ ಹಳೆಯ ಕೋರ್ 2 ಡ್ಯುಯೊ ಪ್ರೊಸೆಸರಿನ ಕಾಲದವು. ಅಂಥವುಗಳಲ್ಲಿ ಮದರ್‌ಬೋರ್ಡಿನ ಮೇಲೆ ಪಿಸಿಐ ಎಕ್ಸ್‌ಪ್ರೆಸ್ ಹದಿನಾರರ ಉದ್ದನೆಯ ಸ್ಲಾಟ್ ಖಾಲಿಯಿದ್ದರೆ ಸಣ್ಣ ಗ್ರಾಫಿಕ್ಸ್ ಕಾರ್ಡ್ ಹಾಕಿಸಬಹುದು. ದುಬಾರಿಯದರ ಅಗತ್ಯ ಖಂಡಿತ ಇಲ್ಲ. ಜಿಟಿ 710ರಂತಹ ಕಾರ್ಡು 19 ವ್ಯಾಟ್ ಮಾತ್ರ ಬಳಸುತ್ತದೆ, ಸ್ಲಾಟಿನಿಂದಲೇ 75 ವ್ಯಾಟಿನವರೆಗೆ ಸಿಗುವುದರಿಂದ ಹಳೆಯ ಎಸ್‌ಎಂಪಿಎಸ್ (ವಿದ್ಯುತ್ ಒದಗಿಸುವ ಘಟಕ) ಬದಲಿಸಬೇಕಾಗಿಯೂ ಇಲ್ಲ. ಬೇರೆ ವಿದ್ಯುತ್ ತಂತಿ ಕೇಳುವ ಕಾರ್ಡನ್ನು ಮಾತ್ರ ಕೊಳ್ಳಬಾರದು. ತೆಳುವಾದ ಕಚೇರಿ ಪೆಟ್ಟಿಗೆಯಾದರೆ ಗಿಡ್ಡ ಪಟ್ಟಿಯ ಲೋ ಪ್ರೊಫೈಲ್ ಕಾರ್ಡ್ ಎಂದು ಮೊದಲೇ ಹೇಳಿ ತರಬೇಕು. ಕಾರ್ಡು ಕೂರಿಸುವ ಮೊದಲು ಪ್ಲಗ್ ಕಿತ್ತು, ಪೆಟ್ಟಿಗೆಯ ಲೋಹದ ಭಾಗವನ್ನು ಮುಟ್ಟಿ ಮೈಯಲ್ಲಿರುವ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು.

ಕಾರ್ಡು ಹಾಕಿದ ಮೇಲೆ ಒಂದು ಗೊಂದಲ ಪದೇ ಪದೇ ಎದುರಾಗುತ್ತದೆ. ಅದುವರೆಗೆ ಮದರ್‌ಬೋರ್ಡಿನ ವಿಜಿಎಯಲ್ಲಿ ಚೆನ್ನಾಗಿ ನಡೆಯುತ್ತಿದ್ದ ಮಾನಿಟರ್ ಕಪ್ಪಾಗಿಬಿಡುತ್ತದೆ, ಕಾರ್ಡಿನಿಂದಾಗಿ ಬೋರ್ಡು ಸುಟ್ಟಿತೆಂದು ಜನ ಗಾಬರಿಯಾಗುತ್ತಾರೆ. ಯಾವುದೂ ಸುಟ್ಟಿರುವುದಿಲ್ಲ. ಹೊರಗಿನ ಕಾರ್ಡನ್ನು ಕಂಡಕೂಡಲೇ ಅನೇಕ ಮದರ್‌ಬೋರ್ಡುಗಳು ಒಳಗಿನ ಗ್ರಾಫಿಕ್ಸ್ ಭಾಗವನ್ನು ತಾವಾಗಿಯೇ ನಿಲ್ಲಿಸುತ್ತವೆ. ಎರಡೂ ಮಾನಿಟರುಗಳನ್ನು ಕಾರ್ಡಿಗೇ ಜೋಡಿಸುವುದು ಇದಕ್ಕೆ ನೇರವಾದ ಪರಿಹಾರ. ಅದು ಆಗದಿದ್ದರೆ, ಯಂತ್ರ ಶುರುವಾಗುವಾಗ ತೆರೆಯುವ ಸೆಟ್ಟಿಂಗ್ ಆದ ಬಯಾಸ್‌ಗೆ ಹೋಗಿ, ಗ್ರಾಫಿಕ್ಸ್ ಸಂಬಂಧದ ಪುಟದಲ್ಲಿ ಮಲ್ಟಿ ಮಾನಿಟರ್ ಎಂಬ ಆಯ್ಕೆ ಇದ್ದರೆ ಅದನ್ನು ಚಾಲನೆಗೊಳಿಸಬೇಕು.

ಯುಎಸ್‌ಬಿ ಪೋರ್ಟಿಗೆ ಸಿಕ್ಕಿಸಿ ಮಾನಿಟರ್ ನಡೆಸುವ ಅಡಾಪ್ಟರುಗಳೂ ಇವೆ. ಅವುಗಳಲ್ಲಿ ಚಿತ್ರವನ್ನು ಕುಗ್ಗಿಸಿ ಕಳಿಸುವ ಕೆಲಸ ಪ್ರೊಸೆಸರಿನ ಮೇಲೆ ಬೀಳುವುದರಿಂದ, ಹಳೆಯ ಯಂತ್ರಕ್ಕೆ ಅದನ್ನು ನಾನು ಕೊನೆಯ ದಾರಿಯೆಂದೇ ಹೇಳುತ್ತೇನೆ. ಅದೂ ನೀಲಿ ನಾಲಗೆಯ ಯುಎಸ್‌ಬಿ 3 ಪೋರ್ಟ್ ಇದ್ದರೆ ಮಾತ್ರ.

ಮಾನಿಟರ್ ಇಲ್ಲದವರು ಮನೆಯ ಟಿವಿಯನ್ನೇ ಎಚ್‌ಡಿಎಂಐ ಕೇಬಲಿನಿಂದ ಎರಡನೆಯ ಪರದೆಯಾಗಿ ಬಳಸಬಹುದು. ಚಿತ್ರದ ಅಂಚುಗಳು ಕತ್ತರಿಸಿದಂತೆ ಕಂಡು ವಿಂಡೋಸ್‌ನ ಕೆಳಪಟ್ಟಿ ಮಾಯವಾದರೆ ಅದು ಕಂಪ್ಯೂಟರಿನ ದೋಷವಲ್ಲ, ಟಿವಿಯು ಚಿತ್ರವನ್ನು ಸ್ವಲ್ಪ ಹಿಗ್ಗಿಸಿ ತೋರಿಸುವ ರೂಢಿಯಿಂದಾದದ್ದು. ಟಿವಿಯ ಚಿತ್ರದ ಸೆಟ್ಟಿಂಗಿನಲ್ಲಿ ಪಿಸಿ ಮೋಡ್, ಜಸ್ಟ್ ಸ್ಕ್ಯಾನ್, ಸ್ಕ್ರೀನ್ ಫಿಟ್ ಎಂಬ ಹೆಸರುಗಳಲ್ಲಿ ಯಾವುದಾದರೊಂದು ಸಿಗುತ್ತದೆ, ಅದನ್ನು ಆರಿಸಿದರೆ ಸರಿಯಾಗುತ್ತದೆ.

ಜೋಡಣೆ ಮುಗಿದ ಮೇಲೆ ವಿಂಡೋಸ್ ಕೀಲಿಯನ್ನು ಒತ್ತಿ ಹಿಡಿದು ಪಿ ಅಕ್ಷರವನ್ನು ಒತ್ತಿದರೆ ನಾಲ್ಕು ಆಯ್ಕೆಗಳು ಬರುತ್ತವೆ. ವಿಂಡೋಸ್ 7ರಿಂದ ಇತ್ತೀಚಿನವರೆಗೂ ಇದು ಒಂದೇ ರೀತಿ ಇದೆ. ಡುಪ್ಲಿಕೇಟ್ ಅಲ್ಲ, ಎಕ್ಸ್‌ಟೆಂಡ್ ಎಂಬುದನ್ನು ಆರಿಸಬೇಕು, ಆಗ ಎರಡು ಪರದೆಗಳು ಸೇರಿ ಒಂದೇ ಉದ್ದನೆಯ ಮೇಜಿನಂತಾಗುತ್ತವೆ. ಬಳಿಕ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ 1 ಮತ್ತು 2 ಎಂದು ಕಾಣುವ ಚೌಕಗಳನ್ನು ಮೌಸಿನಿಂದ ಎಳೆದು, ಮಾನಿಟರುಗಳು ನಿಜವಾಗಿ ಇರುವ ಸ್ಥಾನಕ್ಕೆ ಹೊಂದಿಸಬೇಕು. ಎರಡನೆಯ ಮಾನಿಟರ್ ನಿಮ್ಮ ಎಡಗಡೆಗಿದ್ದು ಸೆಟ್ಟಿಂಗಿನಲ್ಲಿ ಬಲಗಡೆಗಿದ್ದರೆ, ಮೌಸಿನ ಬಾಣ ಎಡ ಅಂಚಿಗೆ ಹೋಗಿ ಅಲ್ಲೇ ನಿಂತುಬಿಡುತ್ತದೆ. ಅಗಲದ ಮಾನಿಟರಿನ ಪಕ್ಕದಲ್ಲಿ ಹಳೆಯ ಚೌಕ ಮಾನಿಟರನ್ನು ಇಟ್ಟಾಗ ಆ ಚೌಕಗಳ ಮೇಲಂಚು ಕೆಳಂಚುಗಳನ್ನೂ ಹೊಂದಿಸಬೇಕು, ಇಲ್ಲವಾದರೆ ಬಾಣವು ಪರದೆ ದಾಟುವಾಗ ಮೇಲಕ್ಕೋ ಕೆಳಕ್ಕೋ ಹಾರಿದಂತಾಗುತ್ತದೆ. ವಿಂಡೋಸ್ ಮತ್ತು ಶಿಫ್ಟ್ ಕೀಲಿಗಳನ್ನು ಹಿಡಿದು ಎಡ ಅಥವಾ ಬಲ ಬಾಣದ ಕೀಲಿ ಒತ್ತಿದರೆ ಕಿಟಕಿಯು ಈ ಪರದೆಯಿಂದ ಆ ಪರದೆಗೆ ಹೋಗುತ್ತದೆ. ಈ ಒಂದು ಅಭ್ಯಾಸ ಕೈಗೆ ಹತ್ತಿದರೆ ಸಾಕು.

ಎಚ್‌ಡಿಎಂಐ ಜೋಡಿಸಿದ ಕೂಡಲೇ ಕಂಪ್ಯೂಟರಿನ ಧ್ವನಿ ನಿಂತುಹೋಯಿತೆಂಬ ದೂರು ಬಹಳ ಮಂದಿಯಿಂದ ಕೇಳಿಬರುತ್ತದೆ. ಎಚ್‌ಡಿಎಂಐಯಲ್ಲಿ ಚಿತ್ರದೊಂದಿಗೆ ಧ್ವನಿಯೂ ಹೋಗುವುದರಿಂದ, ವಿಂಡೋಸ್ ತನ್ನ ಧ್ವನಿಯನ್ನು ಸ್ಪೀಕರೇ ಇಲ್ಲದ ಮಾನಿಟರಿಗೆ ತಿರುಗಿಸಿರುತ್ತದೆ. ಕೆಳಮೂಲೆಯ ಸ್ಪೀಕರ್ ಗುರುತನ್ನು ಒತ್ತಿ ಹಳೆಯ ಸ್ಪೀಕರನ್ನು ಪುನಃ ಆರಿಸಿದರಾಯಿತು.

ಕನ್ನಡದಲ್ಲಿ ಕೆಲಸ ಮಾಡುವವರಿಗೆಂದೇ ಒಂದೆರಡು ಮಾತು ಹೇಳಬೇಕು. ನಮ್ಮ ಲಿಪಿಯಲ್ಲಿ ದ ಮತ್ತು ಧ, ಪ ಮತ್ತು ಫ, ಡ ಮತ್ತು ಢ ಇವುಗಳ ನಡುವಿನ ವ್ಯತ್ಯಾಸವೆಲ್ಲ ಅಕ್ಷರದ ಅಡಿಯಲ್ಲಿರುವ ಸಣ್ಣ ಸೀಳಿನಲ್ಲಿದೆ. ಒತ್ತಕ್ಷರಗಳಂತೂ ಮೂಲ ಅಕ್ಷರದ ಅರ್ಧ ಗಾತ್ರವೂ ಇರುವುದಿಲ್ಲ. ತೆಳುವಾದ ಉದ್ದನೆಯ ವಿಜಿಎ ಕೇಬಲಿನಲ್ಲಿ ಬಂದ ಚಿತ್ರದಲ್ಲಿ ಅಂಚುಗಳಿಗೆ ನೆರಳು ಕಟ್ಟಿಕೊಳ್ಳುವುದರಿಂದ ಈ ಸೀಳುಗಳು ಮುಚ್ಚಿಹೋಗುತ್ತವೆ, ‘ವಿಧಿ’ ಎಂಬುದು ‘ವಿದಿ’ ಎಂದು ಅಚ್ಚಾದರೂ ಕರಡು ತಿದ್ದುವವರ ಕಣ್ಣಿಗೆ ಬೀಳುವುದಿಲ್ಲ. ಆದುದರಿಂದ ಎರಡು ಮಾನಿಟರುಗಳಲ್ಲಿ ಡಿಜಿಟಲ್ ಕೇಬಲ್ ಇರುವುದನ್ನು ಕರಡು ಓದುವುದಕ್ಕೂ, ವಿಜಿಎಯದನ್ನು ಮೂಲ ಪ್ರತಿಯ ಸ್ಕ್ಯಾನ್ ತೋರಿಸುವುದಕ್ಕೂ ಇಟ್ಟುಕೊಳ್ಳಬೇಕು. ಪ್ರತಿಯೊಂದು ಮಾನಿಟರಿಗೂ ಅದರ ಸ್ವಂತ ಅಳತೆಯನ್ನೇ ಕೊಡಬೇಕು: 17 ಮತ್ತು 19 ಇಂಚಿನ ಹಳೆಯ ಚೌಕ ಮಾನಿಟರುಗಳಿಗೆ ಅದು ಸಾಮಾನ್ಯವಾಗಿ 1280×1024, 18.5 ಇಂಚಿನ ಅಗಲದವಕ್ಕೆ 1366×768. ಬೇರೆ ಅಳತೆ ಕೊಟ್ಟರೆ ಎಲ್‌ಸಿಡಿಯಲ್ಲಿ ಅಕ್ಷರಗಳು ಮಸುಕಾಗುತ್ತವೆ. ಅಕ್ಷರ ಚಿಕ್ಕದೆನಿಸಿದರೆ ಅಳತೆಯನ್ನು ಮುಟ್ಟದೆ ಸ್ಕೇಲ್ ಎಂಬುದನ್ನು ಶೇಕಡಾ 125ಕ್ಕೆ ಏರಿಸುವುದು ಸರಿಯಾದ ಕ್ರಮ. ವಿಜಿಎ ಚಿತ್ರ ಒಂದು ಬದಿಗೆ ಸರಿದಿದ್ದರೆ ಅಥವಾ ಅಕ್ಷರಗಳು ಅದುರುತ್ತಿದ್ದರೆ ಮಾನಿಟರಿನ ಮೇಲಿರುವ ಆಟೋ ಗುಂಡಿಯನ್ನು ಒಮ್ಮೆ ಒತ್ತಿ ನೋಡಬೇಕು.

ಆ ಚೌಕ ಮಾನಿಟರುಗಳನ್ನು ಯಾರೂ ಕೇಳುವವರಿಲ್ಲವೆಂದು ಬಿಸಾಡುತ್ತಿದ್ದಾರೆ. ಪುಟವಿನ್ಯಾಸ ಮಾಡುವವರಿಗೆ ಅವು ಅಗಲದ ಮಾನಿಟರಿಗಿಂತ ಮೇಲು ಎಂಬುದು ನನ್ನ ಅಭಿಪ್ರಾಯ. 1024 ಚುಕ್ಕೆಗಳ ಎತ್ತರದಲ್ಲಿ ಪುಸ್ತಕದ ಒಂದು ಪುಟ ಪೂರ್ತಿ ಕಾಣುತ್ತದೆ, 768ರಲ್ಲಿ ಕಾಣುವುದಿಲ್ಲ. ಹಿಂಬದಿಯಲ್ಲಿ ಚೌಕವಾಗಿ ನಾಲ್ಕು ತಿರುಪಿನ ತೂತುಗಳಿದ್ದು, ಅವುಗಳ ನಡುವಣ ದೂರ 75 ಅಥವಾ 100 ಮಿಲಿಮೀಟರ್ ಇದ್ದರೆ ಮಾನಿಟರನ್ನು ಗೋಡೆಗೋ ಮೇಜಿಗೆ ಬಿಗಿಯುವ ತೋಳಿಗೋ ಹಾಕಬಹುದು. ಅಡುಗೆಮನೆಯೂ ಮಲಗುವ ಕೋಣೆಯೂ ಒತ್ತಿಕೊಂಡಿರುವ ನಮ್ಮ ಚಾಳು, ಫ್ಲ್ಯಾಟುಗಳಲ್ಲಿ ಎರಡು ಸ್ಟ್ಯಾಂಡುಗಳಿಗೆ ಮೇಜಿನ ಮೇಲೆ ಜಾಗ ಎಲ್ಲಿದೆ ಎಂದು ಕೇಳುವವರಿಗೆ ಇದೇ ಉತ್ತರ. ವಿದ್ಯುತ್ತಿನ ಚಿಂತೆಯೂ ದೊಡ್ಡದಲ್ಲ. ಎಲ್‌ಸಿಡಿ ಮಾನಿಟರ್ 25 ವ್ಯಾಟ್ ಬಳಸುತ್ತದೆಂದಿಟ್ಟುಕೊಂಡು ದಿನಕ್ಕೆ 4 ತಾಸು ನಡೆಸಿದರೆ ತಿಂಗಳಿಗೆ 3 ಯುನಿಟ್ ಆಗುತ್ತದೆ.

ಎಲ್ಲ ಹಳೆಯ ಯಂತ್ರಗಳನ್ನೂ ಉಳಿಸಿಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಗ್ರಾಫಿಕ್ಸ್ ಕಾರ್ಡಿಗೆಂದು ಹಿಂದಿನ ಕಾಲದಲ್ಲಿದ್ದ ಕಂದು ಬಣ್ಣದ ಎಜಿಪಿ ಸ್ಲಾಟ್ ಇರುವ, 1 ಜಿಬಿ ರ‍್ಯಾಮಿನ ಕಂಪ್ಯೂಟರಿಗೆ ಮಾನಿಟರಿನ ಮಾತಿರಲಿ, ಒಂದು ಕೇಬಲಿನ ಹಣವನ್ನೂ ಹಾಕಬಾರದು. ಗಾಜಿನ ದಪ್ಪ ಸಿಆರ್‌ಟಿ ಮಾನಿಟರನ್ನು ಎರಡನೆಯ ಪರದೆಯಾಗಿ ಇಟ್ಟುಕೊಳ್ಳುವುದೂ ಬೇಡ, ಅದು ಜಾಗವನ್ನೂ ವಿದ್ಯುತ್ತನ್ನೂ ನುಂಗುತ್ತದೆ. ವಿಂಡೋಸ್ 10ರ ಪ್ರಶ್ನೆಯಂತೂ ಗಂಭೀರವಾದುದೇ, ಏಕೆಂದರೆ ಎಂಟನೆಯ ಪೀಳಿಗೆಗಿಂತ ಹಳೆಯ ಇಂಟೆಲ್ ಯಂತ್ರಗಳಲ್ಲಿ ಬಹುತೇಕ ಯಾವುದಕ್ಕೂ ವಿಂಡೋಸ್ 11 ಅಧಿಕೃತವಾಗಿ ಸಿಗುವುದಿಲ್ಲ, ಸುರಕ್ಷತೆಯ ತಿದ್ದುಪಡಿಗಳು ನಿಂತ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರ ಮಾಡುವುದು ಸರಿಯಲ್ಲ. ಬರವಣಿಗೆ, ಅನುವಾದ, ಓದು, ಮಕ್ಕಳ ಆನ್‌ಲೈನ್ ಪಾಠ ಇಷ್ಟೇ ಕೆಲಸವಿರುವವರು ವಿಂಡೋಸ್ ಬದಲಿಗೆ ಉಚಿತವಾದ ಲಿನಕ್ಸ್ ಮಿಂಟ್ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿಕೊಳ್ಳಬಹುದು. ಅದರಲ್ಲಿ ಎರಡು ಮಾನಿಟರುಗಳ ಸೌಲಭ್ಯವೂ ಇದೆ, ನಮಗೆ ರೂಢಿಯಾಗಿರುವ ಕಗಪ ಕೀಲಿಮಣೆಯೂ ಇದೆ. ಟ್ಯಾಲಿಯನ್ನೇ ನೆಚ್ಚಿಕೊಂಡವರಿಗೆ ವಿಂಡೋಸ್ ಬಿಡುವುದು ಕಷ್ಟ. ಅಂಥವರು ಇಂದಲ್ಲ ನಾಳೆ ಪೆಟ್ಟಿಗೆಯನ್ನು ಬದಲಿಸಬೇಕಾಗಬಹುದು, ಆದರೆ ಮಾನಿಟರುಗಳನ್ನು ಬದಲಿಸಬೇಕಾಗಿಲ್ಲ. ಇಂದು ಜೋಡಿಸಿದ ಎರಡನೆಯ ಪರದೆ ನಾಳಿನ ಯಂತ್ರಕ್ಕೂ ಒದಗುತ್ತದೆ.

ಭಂಗಾರ್‌ವಾಲಾನ ಗಾಡಿಗೆ ಹೋದ ಮಾನಿಟರಿನ ಗತಿಯನ್ನೂ ಓದುಗರು ತಿಳಿದಿರಬೇಕು. ಎಲ್‌ಇಡಿ ಬರುವುದಕ್ಕೆ ಮುಂಚಿನ ಎಲ್‌ಸಿಡಿ ಮಾನಿಟರುಗಳ ಹಿಂಬೆಳಕಿನ ಕೊಳವೆಗಳಲ್ಲಿ ಪಾದರಸವಿದೆ, ಸಿಆರ್‌ಟಿಯ ಗಾಜಿನಲ್ಲಿ ಸೀಸವಿದೆ. ಅವುಗಳನ್ನು ಬಯಲಲ್ಲಿ ಒಡೆದು ತಾಮ್ರ ಹೆಕ್ಕುವವರ ಕೈ ಮತ್ತು ಶ್ವಾಸಕೋಶಗಳಿಗೆ ಆ ವಿಷ ಸೇರುತ್ತದೆ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳ ಪ್ರಕಾರ ಇವು ನೋಂದಾಯಿತ ಮರುಬಳಕೆದಾರರ ಕೈಗೇ ಹೋಗಬೇಕು. ಕೆಟ್ಟುಹೋದದ್ದನ್ನು ಅವರಿಗೆ ಕೊಡೋಣ, ಕೆಡದಿರುವುದನ್ನು ಕೊಡುವ ಅವಸರವೇಕೆ?

ಕೊನೆಯದಾಗಿ, ಮುಂಬಯಿಯ ಕನ್ನಡ ಸಂಘ ಸಂಸ್ಥೆಗಳಲ್ಲಿ ನನ್ನದೊಂದು ವಿನಂತಿ ಇದೆ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನಿಂದ ಹಿಡಿದು ಉಪನಗರಗಳ ಸಣ್ಣ ಸಂಘಗಳವರೆಗೆ ಹೆಚ್ಚಿನವುಗಳಿಗೆ ಒಂದು ಕೋಣೆ, ಒಂದು ಕಪಾಟು ಇದ್ದೇ ಇದೆ. ಆ ಕಪಾಟಿನ ಒಂದು ಮೂಲೆಯಲ್ಲಿ ಕೇಬಲುಗಳ ಪೆಟ್ಟಿಗೆಯೊಂದನ್ನು ಇಡಬಹುದು. ಹೊಸ ಮಾನಿಟರಿನೊಂದಿಗೆ ಬಂದು ಬಳಕೆಯಾಗದೆ ಉಳಿದ ವಿಜಿಎ, ಡಿವಿಐ, ಎಚ್‌ಡಿಎಂಐ ಕೇಬಲುಗಳು ನಮ್ಮೆಲ್ಲರ ಮನೆಯ ಅಟ್ಟದಲ್ಲಿ ಸುರುಳಿ ಸುತ್ತಿಕೊಂಡು ಬಿದ್ದಿವೆ. ಸದಸ್ಯರು ಅವನ್ನು ತಂದು ಆ ಪೆಟ್ಟಿಗೆಗೆ ಹಾಕಲಿ, ಬೇಕಾದವರು ಪರೀಕ್ಷಿಸಿ ಒಯ್ಯಲಿ. ಮನೆಯಲ್ಲಿ ಹೆಚ್ಚಾದ ಮಾನಿಟರ್ ಯಾರಲ್ಲಿದೆ, ಬೇಕಾದವರು ಯಾರು ಎಂಬ ಪಟ್ಟಿಯೊಂದನ್ನು ಸೂಚನಾಫಲಕಕ್ಕೆ ಅಂಟಿಸಿದರೆ, ರಾತ್ರಿಶಾಲೆಗಳಲ್ಲಿ ಓದುವ ಮಕ್ಕಳಿಗೂ ಅದು ಒದಗೀತು. ಕೇಬಲ್ ತರುವವರು ಪ್ರತಿಯೊಂದಕ್ಕೂ ಒಂದು ಚೀಟಿ ಕಟ್ಟಿ, ಅದರ ಎರಡು ತುದಿಗಳಲ್ಲಿ ಏನೇನಿದೆ, ಕಂಪ್ಯೂಟರಿಗೆ ಹಾಕಬೇಕಾದ ತುದಿ ಯಾವುದು ಎಂಬುದನ್ನು ಬರೆದರೆ ಕೆಲಸ ಸುಲಭವಾಗುತ್ತದೆ. ಡೊಂಬಿವಲಿ ಪರಿಸರದ ಯಾವ ಸಂಘ ಇದಕ್ಕೆ ಮುಂದೆ ಬಂದರೂ, ಭಾನುವಾರ ಬೆಳಿಗ್ಗೆ ಅಲ್ಲಿಗೆ ಬಂದು ತಮ್ಮ ಯಂತ್ರದ ಹಿಂಬದಿಯ ಫೋಟೊ ತೋರಿಸುವವರಿಗೆ ಯಾವ ಕೇಬಲ್ ಬೇಕೆಂದು ಹೇಳಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಓದುಗ, ಡೊಂಬಿವಲಿ ಪೂರ್ವ